ಹನ್ನೊಂದು ದಿನ ಫೋನು ಸುಮ್ಮನಿತ್ತು, ಆದರೂ ನಿದ್ದೆ ಬರಲಿಲ್ಲ: ಹಾಸ್ಟೆಲಿನ ಒಂದು ಕೋಣೆಯ ಪ್ರಕರಣ

ಹಿನ್ನೆಲೆ

ಧಾರವಾಡದಲ್ಲಿ ಒಂದು ಸಂಸ್ಥೆ ನಡೆಸುವ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನಾನು ಒಂಬತ್ತು ವರ್ಷದಿಂದ ವಾರ್ಡನ್ ಆಗಿದ್ದೇನೆ. 21 ಕೋಣೆ, ಕೋಣೆಗೆ ನಾಲ್ಕು ಮಂಚ. ಡಿಗ್ರಿ ಓದುವವರು, ಎಂ.ಎಸ್ಸಿ. ಮಾಡುವವರು, ಪಿಎಸ್‌ಐ, ಪಿಡಿಒ, ಎಫ್‌ಡಿಎ ಎಂದು ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಿ ನಡೆಸುವವರು, ಎಲ್ಲರೂ ಒಟ್ಟಿಗೇ ಇರುತ್ತಾರೆ. ಈ ಊರಿನ ಸ್ವಭಾವವೇ ಹಾಗೆ. ಸಪ್ತಾಪುರದ ಕಡೆ ಸಂಜೆ ಒಂದು ಸುತ್ತು ಬಂದರೆ ಅರ್ಧ ಕರ್ನಾಟಕದ ಮಕ್ಕಳು ಬ್ಯಾಗ್ ಹಾಕಿಕೊಂಡು ಓಡಾಡುವುದು ಕಾಣುತ್ತದೆ.

ಇಲ್ಲಿ ಹೇಳುವುದು ಒಂದೇ ಕೋಣೆಯ, ಒಂದು ವರ್ಷದ ಕತೆ. ನಾಲ್ವರ ಹೆಸರನ್ನೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಊರು, ಕೋರ್ಸುಗಳಲ್ಲಿ ಒಂದೆರಡನ್ನು ಬದಲಿಸಿದ್ದೇನೆ. ಅವರವರ ಮಂಚದ ಜಾಗದಿಂದಲೇ ಅವರನ್ನು ಕರೆಯುತ್ತೇನೆ. ಈ ಪ್ರಕರಣದಲ್ಲಿ ಯಾರು ಎಲ್ಲಿ ಮಲಗುತ್ತಿದ್ದರು ಎನ್ನುವುದಕ್ಕೆ ಮಹತ್ವ ಇರುವುದರಿಂದ ಓದುವವರಿಗೂ ಅದೇ ಅನುಕೂಲ.

ಕಿಟಕಿ ಮಂಚದವಳು ಶಿರಸಿ ಸೀಮೆಯ ಹುಡುಗಿ, ಬಿ.ಎಸ್ಸಿ. ಎರಡನೇ ವರ್ಷ. ತೋಟದ ನಡುವಿನ ಒಂಟಿ ಮನೆಯಲ್ಲಿ ಬೆಳೆದವಳು. ನಡು ಮಂಚದವಳು ವಿಜಯಪುರ ಜಿಲ್ಲೆಯವಳು, ಬಿ.ಕಾಂ. ಕೊನೆಯ ವರ್ಷ. ಮೂಲೆ ಮಂಚದವಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಳು. ರಾತ್ರಿ ಒಂದೂವರೆಯವರೆಗೆ ಓದಿದರೇನೇ ಅವಳಿಗೆ ಓದಿದಂತೆ ಅನ್ನಿಸುತ್ತಿದ್ದುದು. ಬಾಗಿಲ ಮಂಚದವಳು ಡಿಗ್ರಿ ಮುಗಿಸಿ ಪೊಲೀಸ್ ನೇಮಕಾತಿಗೆ ತಯಾರಿ ನಡೆಸಿದ್ದಳು. ದಿನಾ ಬೆಳಗಿನ ಜಾವ ಎದ್ದು ಆರ್.ಎನ್. ಶೆಟ್ಟಿ ಕ್ರೀಡಾಂಗಣಕ್ಕೆ ಓಡಲು ಹೋಗುತ್ತಿದ್ದಳು.

ಒಬ್ಬಳು ಒಂದೂವರೆಗೆ ಮಲಗುತ್ತಾಳೆ, ಇನ್ನೊಬ್ಬಳು ನಾಲ್ಕೂಕಾಲಿಗೆ ಏಳುತ್ತಾಳೆ. ಆ ಕೋಣೆಯಲ್ಲಿ ನಾಲ್ವರೂ ಒಟ್ಟಿಗೆ ಮಲಗಿರುವ ಸಮಯ ಮೂರು ಗಂಟೆಯೂ ಇರಲಿಲ್ಲ. ಈ ಲೆಕ್ಕವನ್ನು ನಾನು ಜುಲೈನಲ್ಲಿ ಕೋಣೆ ಹಂಚುವಾಗಲೇ ಹಾಕಬೇಕಿತ್ತು. ಹಾಕಲಿಲ್ಲ. ಅರ್ಜಿ ಬಂದ ಕ್ರಮದಲ್ಲಿ ಹೆಸರು ಬರೆದುಕೊಂಡು ಹೋಗಿದ್ದೆ.

ಕೋಣೆಯ ವಿಷಯ ಸ್ವಲ್ಪ ಹೇಳಬೇಕು. ಉತ್ತರಕ್ಕೆ ಬಾಗಿಲು, ಅದರ ಮೇಲೆ ಗಾಳಿಗೆಂದು ಬಿಟ್ಟ ಗಾಜಿಲ್ಲದ ವೆಂಟಿಲೇಟರ್. ದಕ್ಷಿಣಕ್ಕೆ ಕಿಟಕಿ. ಒಂದು ಫ್ಯಾನು, ಒಂದು ಟ್ಯೂಬ್‌ಲೈಟು, ಬಾಗಿಲ ಪಕ್ಕ ಒಂದು ಸ್ವಿಚ್‌ಬೋರ್ಡು. ನೆಲಕ್ಕೆ ಶಹಾಬಾದ್ ಫರ್ಸಿ. ನಾಲ್ಕು ಜನ, ಬೆಳಕಿಗೆ ಒಂದೇ ಸ್ವಿಚ್ಚು.

ದೂರು

ಆಗಸ್ಟ್ ಕೊನೆಯ ವಾರ ಕಿಟಕಿ ಮಂಚದವಳು ಆಫೀಸಿಗೆ ಬಂದು ನಿಂತಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. “ಮೇಡಂ, ನಂಗೆ ರೂಮ್ ಬದಲಾಯಿಸಿಕೊಡಿ. ಇಲ್ಲಾ ಅವಳನ್ನ ಬೇರೆ ಕಡೆ ಹಾಕಿ. ಸರಿಯಾಗಿ ಮಲಗಿ ಹದಿನೈದು ದಿನ ಆಯ್ತು” ಎಂದಳು.

‘ಅವಳು’ ಅಂದರೆ ನಡು ಮಂಚದವಳು. ದೂರಿನ ಪಟ್ಟಿ ಉದ್ದವಿತ್ತು. ರಾತ್ರಿ ಹನ್ನೊಂದಾದರೂ ಫೋನಿನಲ್ಲಿ ಜೋರಾಗಿ ಮಾತು. ಇಯರ್‌ಫೋನ್ ಹಾಕದೆ ರೀಲ್ಸ್ ನೋಡುತ್ತಾಳೆ. ಟ್ಯೂಬ್‌ಲೈಟ್ ಆರಿಸು ಅಂದರೆ “ನನಗೇನು ತ್ರಾಸಿಲ್ಲ” ಅನ್ನುತ್ತಾಳೆ. ಪಕ್ಕದ ಕೋಣೆಯ ಗೆಳತಿಯರು ಬಂದು ಮಂಚದ ಮೇಲೆ ಕೂತು ನಗುತ್ತಾರೆ. ಕೊನೆಗೆ ದನಿ ತಗ್ಗಿಸಿ ಇನ್ನೊಂದು ಹೇಳಿದಳು: “ದಿನಾ ರಾತ್ರಿ ಅವಳ ಆಯಿ ಹತ್ರ ಜಗಳ ಆಡ್ತಾಳೆ ಮೇಡಂ. ಕೇಳೋಕಾಗಲ್ಲ.”

ಆ ಕೊನೆಯ ಮಾತು ನನ್ನ ಕಿವಿಗೆ ಬಿತ್ತು, ಆದರೆ ನಾನದನ್ನು ಹಿಡಿಯಲಿಲ್ಲ. ಅದರೊಳಗೆ ಏನಿತ್ತು ಎಂಬುದು ತಿಂಗಳ ಮೇಲೆ ಗೊತ್ತಾಯಿತು.

ಉಳಿದಿಬ್ಬರನ್ನು ಕರೆಸಿ ಕೇಳಿದೆ. ಇಬ್ಬರೂ “ಹೌದ್ರಿ, ಸ್ವಲ್ಪ ಗದ್ದಲಾ ಆಗ್ತೈತಿ” ಎಂದು ಹೇಳಿ ಹೊರಟುಹೋದರು. ತಮ್ಮ ದೀಪದ ಬಗ್ಗೆಯಾಗಲಿ, ತಮ್ಮ ಅಲಾರಾಂ ಬಗ್ಗೆಯಾಗಲಿ ಯಾರೂ ಬಾಯಿ ಬಿಡಲಿಲ್ಲ. ನಾನೂ ಕೇಳಲಿಲ್ಲ. ಒಂದು ಕೋಣೆಯಲ್ಲಿ ಒಬ್ಬರಿಗೆ ‘ತಕರಾರಿನವಳು’ ಎಂಬ ಹೆಸರು ಬಿದ್ದರೆ ಉಳಿದವರ ಗದ್ದಲವೆಲ್ಲ ಆ ಹೆಸರಿನ ಕೆಳಗೆ ಮುಚ್ಚಿಹೋಗುತ್ತದೆ. ಆಗ ಅದು ನನಗೆ ಕಾಣಿಸಲಿಲ್ಲ.

ನಾನು ಮಾಡಿದ ಎರಡು ತಪ್ಪು

ಮೊದಲನೆಯದು ಇಡೀ ಹಾಸ್ಟೆಲಿಗೆ ಅನ್ವಯಿಸುವ ನಿಯಮ. ರಾತ್ರಿ 10:30ಕ್ಕೆ ಎಲ್ಲ ಕೋಣೆಯ ಟ್ಯೂಬ್‌ಲೈಟ್ ಆರಬೇಕು ಎಂದು ನೋಟಿಸ್ ಹಾಕಿದೆ. ನೋಡಲಿಕ್ಕೆ ನ್ಯಾಯವಾಗಿಯೇ ಇತ್ತು. ಮೂರನೇ ದಿನ ರಾತ್ರಿ ಹನ್ನೆರಡಕ್ಕೆ ಕೆಳಗಿನ ಬಚ್ಚಲ ಕಡೆ ಹೋದಾಗ ಇಬ್ಬರು ಹುಡುಗಿಯರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಅಲ್ಲಿನ ಬಲ್ಬಿನ ಬೆಳಕಿಗೆ ಪುಸ್ತಕ ಹಿಡಿದಿದ್ದರು. ನನ್ನನ್ನು ಕಂಡು ಗಾಬರಿಯಾಗಿ ಎದ್ದರು. ಓದುವ ಮಕ್ಕಳು ಓದುತ್ತಿದ್ದಾರೆಂದು ಹೆದರಬೇಕಾದ ಸ್ಥಿತಿಗೆ ನಾನೇ ತಂದಿದ್ದೆ. ಅವರ ಮುಖ ಈಗಲೂ ಕಣ್ಣ ಮುಂದಿದೆ.

ಎರಡನೆಯದು ಇನ್ನೂ ದೊಡ್ಡದು. ನಡು ಮಂಚದವಳಿಗೆ ಎರಡು ಸಲ ಬುದ್ಧಿ ಹೇಳಿದೆ, ಕೇಳಲಿಲ್ಲ ಎಂದು ಅವಳ ಅಪ್ಪನಿಗೆ ಫೋನ್ ಮಾಡಿದೆ. ಎರಡೇ ನಿಮಿಷದ ಮಾತು. ಮಾರನೇ ದಿನ ಅವಳು ಬಂದು ಬಾಗಿಲಲ್ಲೇ ನಿಂತಳು. ಒಳಗೆ ಬಾ ಅಂದರೂ ಬರಲಿಲ್ಲ.

“ಅಪ್ಪಾರು ಫೋನ್ ಮಾಡಿದ್ರು. ಇನ್ನೊಮ್ಮೆ ಹಾಸ್ಟೆಲಿನಿಂದ ಫೋನ್ ಬಂದ್ರ ಕಾಲೇಜ ಬಿಡಸ್ತೀನಿ ಅಂದ್ರು. ಇನ್ಮ್ಯಾಲೆ ನಾ ಬಾಯಿ ತಗಿಯಂಗಿಲ್ರಿ ಮೇಡಮ್ಮರ.”

ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುವವರು ಇದನ್ನು ಬರೆದಿಟ್ಟುಕೊಳ್ಳಬೇಕು. ಗಂಡುಹುಡುಗನ ಮನೆಗೆ ದೂರು ಹೋದರೆ ಬೈಗುಳ ಬರುತ್ತದೆ. ಹೆಣ್ಣುಹುಡುಗಿಯ ಮನೆಗೆ ಅದೇ ದೂರು ಹೋದರೆ ಕಲಿಯುವುದೇ ನಿಂತುಹೋಗಬಹುದು. ಟ್ಯೂಬ್‌ಲೈಟಿನ ಜಗಳಕ್ಕೆ ಒಂದು ಹುಡುಗಿಯ ಡಿಗ್ರಿಯನ್ನು ಪಣಕ್ಕಿಟ್ಟಿದ್ದೆ. ಇದಕ್ಕೆ ಸಮಜಾಯಿಷಿ ಕೊಡಲು ನನ್ನ ಬಳಿ ಏನೂ ಇಲ್ಲ.

ಹನ್ನೊಂದು ದಿನ

ಅಂದಿನಿಂದ ಅವಳು ನಿಜವಾಗಿಯೂ ಬಾಯಿ ಬಿಡಲಿಲ್ಲ. ಊಟ ಮುಗಿದ ಕೂಡಲೇ ಫೋನು ಆಫ್. ಗೆಳತಿಯರು ಬರುವುದು ನಿಂತಿತು. ಕೋಣೆ ಶಾಂತವಾಯಿತು, ಪ್ರಕರಣ ಮುಗಿಯಿತು ಎಂದು ನಾನು ಅಂದುಕೊಂಡೆ.

ಹನ್ನೊಂದನೇ ದಿನ ಕಿಟಕಿ ಮಂಚದವಳ ಕಾಲೇಜಿನಿಂದ ಉಪನ್ಯಾಸಕಿಯೊಬ್ಬರು ಫೋನ್ ಮಾಡಿದರು. ಪ್ರಾಕ್ಟಿಕಲ್ ನಡೆಯುವಾಗ ಸ್ಟೂಲಿನ ಮೇಲೆ ಕೂತಲ್ಲೇ ಜೋಂಪು ಹತ್ತಿ, ಕೈಲಿದ್ದ ಬ್ಯುರೆಟ್ಟು ಬಿದ್ದು ಒಡೆದಿದೆ, ಅಂಗೈಗೆ ಸ್ವಲ್ಪ ಗಾಯವಾಗಿದೆ, ಹುಡುಗಿಗೆ ಹುಷಾರಿಲ್ಲವೇ ಎಂದು ಕೇಳಿದರು. ಸಂಜೆ ಅವಳನ್ನು ಕೂರಿಸಿಕೊಂಡು “ಈಗ ಗದ್ದಲ ಇಲ್ಲಲ್ಲವಾ, ಯಾಕ ನಿದ್ದಿ ಬರವಲ್ತು?” ಎಂದೆ. ಅವಳು ಅಳತೊಡಗಿದಳು. “ಗೊತ್ತಿಲ್ಲ ಮೇಡಂ. ಮಲಗಿದ ಕೂಡ್ಲೇ ಈಗ ಏನೋ ಸದ್ದಾಗತ್ತೆ ಅಂತ ಕಾಯ್ತಾ ಇರ್ತೀನಿ” ಎಂದಳು.

ಈ ಪ್ರಕರಣದ ತಿರುವು ಇದೇ. ಗದ್ದಲಕ್ಕೆ ಕಾರಣ ಎಂದು ನಾವೆಲ್ಲ ತೀರ್ಮಾನಿಸಿದ್ದವಳು ಹನ್ನೊಂದು ದಿನದಿಂದ ಉಸಿರೆತ್ತಿಲ್ಲ. ಆದರೂ ಇವಳಿಗೆ ನಿದ್ದೆ ಬಂದಿಲ್ಲ. ಹಾಗಾದರೆ ನಿದ್ದೆ ಕೆಡಿಸುತ್ತಿರುವುದು ಬೇರೆ ಏನೋ ಇರಬೇಕು. ಯಾರೂ ಯೋಜಿಸದೆ ನಡೆದುಹೋದ ಪರೀಕ್ಷೆ ಅದು. ಒಬ್ಬಳ ಬಾಯಿ ಮುಚ್ಚಿಸಿ ನೋಡಿದ ಮೇಲೆಯೇ ನನಗೆ ಅರಿವಾಗಿದ್ದು ಎನ್ನುವುದು ಬೇಸರದ ಮಾತು.

ಕಿಟಕಿ ಮಂಚದಲ್ಲಿ ಒಂದು ರಾತ್ರಿ

ಆ ಶನಿವಾರ ಕಿಟಕಿ ಮಂಚದವಳು ಊರಿಗೆ ಹೋದಳು. ಅವಳ ಅನುಮತಿ ಪಡೆದು, ಉಳಿದ ಮೂವರಿಗೂ ಹೇಳಿ, ಅವಳ ಮಂಚದಲ್ಲಿ ನಾನೇ ಮಲಗಿದೆ. “ನಾನು ಯಾರನ್ನೂ ಕಾಯಲಿಕ್ಕೆ ಬಂದಿಲ್ಲ. ನಿಮ್ಮ ರೂಢಿಯಂತೆ ಇರ್ರಿ” ಎಂದೆ. ಒಂದು ನೋಟ್‌ಬುಕ್ಕು, ಫೋನಿನಲ್ಲಿ ಶಬ್ದ ಅಳೆಯುವ ಒಂದು ಆ್ಯಪ್ ಇಟ್ಟುಕೊಂಡಿದ್ದೆ. ಇಂಥ ಆ್ಯಪ್ ಕೊಡುವ ಅಂಕಿ ಕರಾರುವಾಕ್ಕಲ್ಲ. ಯಾವುದು ಜಾಸ್ತಿ, ಯಾವುದು ಕಡಿಮೆ ಎಂದು ಹೋಲಿಸಲಷ್ಟೇ ಸಾಕು.

10:30ಕ್ಕೆ ಟ್ಯೂಬ್‌ಲೈಟ್ ಆರಿತು. ಕತ್ತಲಾಗಬೇಕಿತ್ತು, ಆಗಲಿಲ್ಲ. ಹೊರಗಿನ ಪಡಸಾಲೆಯ ಟ್ಯೂಬಿನ ಬಿಳಿ ಬೆಳಕು ಬಾಗಿಲ ಮೇಲಿನ ವೆಂಟಿಲೇಟರಿನಿಂದ ಒಳಗೆ ಬಂದು, ಎದುರಿನ ಗೋಡೆಯ ಮೇಲೆ ಒಂದು ಚೌಕ ಮೂಡಿಸಿತ್ತು. ಆ ಚೌಕದ ಕೆಳ ಅಂಚು ಸರಿಯಾಗಿ ನನ್ನ ತಲೆದಿಂಬಿನ ಮೇಲಿತ್ತು. ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಕೆಂಪಗೆ ಕಾಣುತ್ತಿತ್ತು. ಈ ಹುಡುಗಿ ಎರಡು ತಿಂಗಳಿಂದ ಇದರ ಕೆಳಗೆ ಮಲಗಿದ್ದಳು. ಅವಳ ದೂರಿನಲ್ಲಿ ಇದು ಇರಲೇ ಇಲ್ಲ. ಗೋಡೆಯ ಬೆಳಕಿನ ಮೇಲೆ ಯಾರು ತಾನೇ ದೂರು ಕೊಡುತ್ತಾರೆ? ಮನುಷ್ಯರ ಮೇಲೆ ಸಿಟ್ಟು ಬರುವಷ್ಟು ಸುಲಭವಾಗಿ ವೆಂಟಿಲೇಟರಿನ ಮೇಲೆ ಬರುವುದಿಲ್ಲ.

ಮೂಲೆ ಮಂಚದವಳು ಫೋನಿನ ಟಾರ್ಚ್ ಹಚ್ಚಿ ಓದುತ್ತಿದ್ದಳು. ನನ್ನ ನಿಯಮದ ಫಲ. ಅವಳು ಹಾಳೆ ತಿರುವಿದಾಗಲೆಲ್ಲ ಛಾವಣಿಯ ಮೇಲೆ ನೆರಳು ಹರಿದಾಡುತ್ತಿತ್ತು. ಟ್ಯೂಬ್‌ಲೈಟಿನ ನಿಂತ ಬೆಳಕಿಗಿಂತ ಈ ಅಲುಗಾಡುವ ಬೆಳಕೇ ಹೆಚ್ಚು ಕಾಡಿತು.

11:20ಕ್ಕೆ ಶುರುವಾಯಿತು ಚಿಲಕ. ಪಡಸಾಲೆಯ ತುದಿಯಲ್ಲಿ ನಾಲ್ಕು ಸಂಡಾಸುಗಳಿವೆ, ಕಬ್ಬಿಣದ ಬಾಗಿಲು, ಕಬ್ಬಿಣದ ಚಿಲಕ. ಒಬ್ಬೊಬ್ಬರು ಹೋಗಿ ಬಂದಾಗಲೂ ‘ಠಣ್’. ರಾತ್ರಿ ಒಂದರವರೆಗೆ ಒಂಬತ್ತು ಸಲ ಎಣಿಸಿದೆ. ಫ್ಯಾನು ತಿರುಗುವಾಗ 42 ಡೆಸಿಬೆಲ್ (ಶಬ್ದದ ಅಳತೆ) ಸುಮಾರು ತೋರಿಸುತ್ತಿದ್ದ ಆ್ಯಪ್ ಪ್ರತಿ ಸಲವೂ 70 ದಾಟುತ್ತಿತ್ತು. 12:15ಕ್ಕೆ ಮೂಲೆ ಮಂಚದವಳು ನೀರು ಕುಡಿಯಲು ಎದ್ದಳು. ಕುರ್ಚಿಯ ಕಾಲು ಫರ್ಸಿಯ ಮೇಲೆ ಕಿರ್ರೆಂದು ಉಜ್ಜಿತು. ಹಲ್ಲು ಜುಮ್ಮೆಂದಿತು.

4:15ಕ್ಕೆ ಬಾಗಿಲ ಮಂಚದ ಅಲಾರಾಂ. ಅವಳು ಆರಿಸಿ ಮಲಗಿದಳು. 4:20ಕ್ಕೆ ಮತ್ತೆ, 4:25ಕ್ಕೆ ಮತ್ತೆ. ಆಮೇಲೆ ಎದ್ದು, ಮಂಚದ ಕೆಳಗಿನ ಪ್ಲಾಸ್ಟಿಕ್ ಚೀಲದಿಂದ ಸರಪರ ಸದ್ದು ಮಾಡುತ್ತಾ ಬೂಟು ತೆಗೆದಳು. ಪಾಪ, ಅವಳು ಹೆಬ್ಬೆರಳಿನ ಮೇಲೆ ನಡೆದು ಹೋಗುವಷ್ಟು ಜಾಗ್ರತೆ ಮಾಡುತ್ತಿದ್ದಳು. ಆದರೆ ಚೀಲ ಅವಳ ಮಾತು ಕೇಳಬೇಕಲ್ಲ! 4:45ಕ್ಕೆ ಕಿಟಕಿಯ ಕೆಳಗೇ ಸಂಪಿನ ಮೋಟಾರು ಗುಂಯ್‌ಗುಟ್ಟಿತು. ಮೇಲಿನ ಟ್ಯಾಂಕ್ ತುಂಬುವವರೆಗೆ 25 ನಿಮಿಷ.

ನಡು ಮಂಚದವಳು? ಹನ್ನೊಂದಕ್ಕೇ ಮಲಗಿದ್ದಳು. ಆ ಬೆಳಕು, ಚಿಲಕ, ಮೋಟಾರು ಯಾವುದಕ್ಕೂ ಒಮ್ಮೆಯೂ ಮಗ್ಗುಲು ಬದಲಿಸಲಿಲ್ಲ.

ಬೆಳಿಗ್ಗೆ ಚಹಾ ಕುಡಿಯುವಾಗ “ನಿನಗ ಈ ಸಪ್ಪಳಾ ಏನೂ ಅನಸೋದಿಲ್ಲೇನು?” ಎಂದು ಕೇಳಿದೆ. “ನಮ್ಮದು ಹೆದ್ದಾರಿ ಬಾಜೂ ಮನಿ ರೀ. ಎರಡ ಖೋಲಿ, ಏಳ ಮಂದಿ. ರಾತ್ರಿಪೂರ್ತಿ ಲಾರಿ. ಲೈಟ್ ಎಂದೂ ಆರಸಂಗಿಲ್ಲ, ಸಣ್ಣ ಕೂಸು ಐತಲ್ರಿ. ಇಲ್ಲಿ ಬಂದ ಹೊಸದಾಗ ಭಾಳ ಗಪ್ಪಂದ್ರ ಗಪ್ಪ ಅನಸಿ ನನಗ ನಿದ್ದಿ ಬರ್ತಿದ್ದಿಲ್ಲ” ಎಂದಳು.

ಒಬ್ಬಳಿಗೆ ಗದ್ದಲದಿಂದ ನಿದ್ದೆಯಿಲ್ಲ, ಇನ್ನೊಬ್ಬಳಿಗೆ ಮೌನದಿಂದ ನಿದ್ದೆಯಿರಲಿಲ್ಲ. “ನನಗೇನು ತ್ರಾಸಿಲ್ಲ” ಎಂದು ಅವಳು ಹೇಳಿದ್ದು ಉಡಾಫೆಯಾಗಿರಲಿಲ್ಲ. ನಿಜವನ್ನೇ ಹೇಳಿದ್ದಳು.

ಮೊದಲು ಕಟ್ಟಡ, ಆಮೇಲೆ ಮಾತು

ನೋಟ್‌ಬುಕ್ಕಿನ ಹಾಳೆಯ ನಡುವೆ ಒಂದು ಗೆರೆ ಎಳೆದೆ. ಎಡಕ್ಕೆ ಕಟ್ಟಡದ ಕಾರಣಗಳು, ಬಲಕ್ಕೆ ಮನುಷ್ಯರ ಕಾರಣಗಳು. ಎಡಗಡೆಯೇ ಉದ್ದವಾಯಿತು. ಅದನ್ನು ಮುಗಿಸದೆ ಬಲಗಡೆಯ ಮಾತೆತ್ತುವುದಿಲ್ಲ ಎಂದು ತೀರ್ಮಾನಿಸಿದೆ. ಈ ಪ್ರಕರಣದಲ್ಲಿ ನಾನು ತೆಗೆದುಕೊಂಡ ಒಳ್ಳೆಯ ನಿರ್ಧಾರ ಯಾವುದು ಎಂದರೆ ಇದೇ.

ಮೋಟಾರಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಬೆಳಗಿನ ಬದಲು ರಾತ್ರಿ ಒಂಬತ್ತಕ್ಕೆ ಟ್ಯಾಂಕ್ ತುಂಬಿಸಲು ವಾಚ್‌ಮನ್ ಕಾಕಾನಿಗೆ ಹೇಳಿದೆ. “ಮೊದಲ ಹೇಳಿದ್ರ ಮೊದಲ ಮಾಡ್ತಿದ್ನಿ” ಎಂದ. ಚಿಲಕಗಳಿಗೆ ಆತನೇ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದ. ಉಳಿದ ರಬ್ಬರು ಕುರ್ಚಿ ಕಾಲುಗಳಿಗಾಯಿತು. ‘ಠಣ್’ ಎನ್ನುತ್ತಿದ್ದುದು ‘ದಪ್’ ಎನ್ನತೊಡಗಿತು.

ಬೆಳಕಿಗೆ ಸ್ವಲ್ಪ ಯೋಚಿಸಬೇಕಾಯಿತು. ಕಿಟಕಿ ಮಂಚದವಳು ತಲೆ-ಕಾಲು ತಿರುಗಿಸಿ ಮಲಗಿದರೆ ಬೆಳಕು ಕಾಲಿಗೆ ಬೀಳುತ್ತಿತ್ತು. ಆದರೆ ಆಗ ತಲೆ ಉತ್ತರಕ್ಕೆ ಬರುತ್ತದೆ. ಅವಳು ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಮನಸ್ಸಿಗೆ ಒಗ್ಗದ ದಿಕ್ಕಿಗೆ ತಲೆಯಿಟ್ಟು ಮಲಗಿದರೆ ನಿದ್ದೆ ಬರುವುದಾದರೂ ಹೇಗೆ? ವೆಂಟಿಲೇಟರ್ ಮುಚ್ಚಿದರೆ ನಾಲ್ಕು ಜನರ ಕೋಣೆಗೆ ಗಾಳಿ ಸಾಲದು. ಕೊನೆಗೆ ಪಡಸಾಲೆಯ ಟ್ಯೂಬನ್ನು 10:30ಕ್ಕೆ ಆರಿಸಿ, ಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ಎರಡು ಹಳದಿ ಝೀರೋ ಬಲ್ಬ್ ಹಾಕಿಸಿದೆ. ನಡೆಯಲು ದಾರಿ ಕಾಣುತ್ತದೆ, ವೆಂಟಿಲೇಟರಿನವರೆಗೆ ಬೆಳಕು ಏರುವುದಿಲ್ಲ.

ಹಳದಿಯನ್ನು ಆರಿಸಿದ್ದಕ್ಕೆ ಕಾರಣವಿದೆ. ಕತ್ತಲಾದ ಮೇಲೆ ಮಿದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಒಸರಿ ದೇಹಕ್ಕೆ ‘ರಾತ್ರಿಯಾಯಿತು’ ಎಂದು ತಿಳಿಸುತ್ತದೆ. ಬೆಳಕು ಅದನ್ನು ತಡೆಯುತ್ತದೆ. ನೀಲಿ ಅಂಶ ಹೆಚ್ಚಿರುವ ಬಿಳಿ ಬೆಳಕು ಇನ್ನೂ ಹೆಚ್ಚು ತಡೆಯುತ್ತದೆ. ನಮ್ಮ ಕೋಣೆಗಳಲ್ಲಿ ಹಾಕುವ ‘ಕೂಲ್ ಡೇಲೈಟ್’ ಎಲ್‌ಇಡಿ ಟ್ಯೂಬಿನ ಡಬ್ಬಿಯ ಮೇಲೆ 6500 ಕೆ ಎಂದು ಬರೆದಿರುತ್ತದೆ; ಕೆ ಎಂದರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ. ‘ವಾರ್ಮ್’ ಬಲ್ಬಿನ ಮೇಲೆ 2700 ಅಥವಾ 3000 ಕೆ ಎಂದಿರುತ್ತದೆ. ಕೊಳ್ಳುವಾಗ ಆ ಅಂಕಿಯನ್ನು ನೋಡಿದರೆ ಸಾಕು.

10:30ರ ನಿಯಮವನ್ನು ಹಿಂದಕ್ಕೆ ಪಡೆದೆ. ಬದಲಿಗೆ ಮೂಲೆ ಮಂಚಕ್ಕೆ ಕ್ಲಿಪ್ ಹಾಕುವ ಓದುವ ದೀಪ ತಂದುಕೊಟ್ಟು, ಗೋಡೆಯ ಕಡೆ ಮುಖ ಮಾಡಿ ಪುಸ್ತಕದ ಮಟ್ಟಕ್ಕೆ ಇಳಿಸಿದೆ. ಎತ್ತರದ ದೀಪ ಕೋಣೆಯನ್ನೆಲ್ಲ ಬೆಳಗುತ್ತದೆ, ತಗ್ಗಿನದು ಹಾಳೆಯನ್ನಷ್ಟೇ. ಹನ್ನೊಂದರ ನಂತರ ಓದುವವರಿಗೆ ಕೆಳಗಿನ ಊಟದ ಹಾಲನ್ನು ರಾತ್ರಿ ಒಂದರವರೆಗೆ ತೆರೆದಿಟ್ಟೆ. ಅಡುಗೆಯ ಅಕ್ಕಾರು ಮೊದಲು ಗೊಣಗಿದರು. ಆಮೇಲೆ ಅವರೇ ದಿನಾ ಒಂದು ಥರ್ಮಾಸ್ ಬಿಸಿನೀರು ಇಟ್ಟುಹೋಗತೊಡಗಿದರು.

ಬಾಗಿಲ ಮಂಚದವಳು ಫೋನನ್ನು ವೈಬ್ರೇಟಿಗೆ ಹಾಕಿ ದಿಂಬಿನ ಹೊದಿಕೆಯೊಳಗೆ ಇಟ್ಟುಕೊಂಡಳು. ಬೂಟು, ಟ್ರ್ಯಾಕ್‌ಪ್ಯಾಂಟನ್ನು ರಾತ್ರಿಯೇ ಬಟ್ಟೆಯ ಚೀಲದಲ್ಲಿ ಹಾಕಿ ಬಾಗಿಲ ಹೊರಗೆ ಇಡುತ್ತಿದ್ದಳು. ಅವಳ ಸಮಸ್ಯೆ ಅಷ್ಟಕ್ಕೇ ಮುಗಿಯಿತು.

ಕಿಟಕಿ ಮಂಚದವಳಿಗೆ ಸ್ಪಂಜಿನ ಇಯರ್‌ಪ್ಲಗ್ ಕೊಟ್ಟೆ. ಎರಡು ದಿನ ಹಾಕಿ, ಉಪಯೋಗವಿಲ್ಲ ಎಂದು ಬಿಸಾಡಿದಳು. ಹಾಕುವ ರೀತಿಯೇ ತಪ್ಪಿತ್ತು. ಸುಮ್ಮನೆ ಕಿವಿಯ ಬಾಯಿಗೆ ಒತ್ತಿದರೆ ಆಗುವುದಿಲ್ಲ. ಬೆರಳಲ್ಲಿ ಹೊಸೆದು ಬತ್ತಿಯಂತೆ ಸಣ್ಣ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು ಹಿಡಿದು ಒಳಗೆ ತೂರಿಸಬೇಕು. ಅದು ಉಬ್ಬಿ ಕೂರುವವರೆಗೆ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಬೇಕು. ತೋರಿಸಿಕೊಟ್ಟ ಮೇಲೆ “ಮೇಡಂ, ನಿಮ್ಮ ಮಾತು ದೂರದಿಂದ ಬಂದಂಗಾಯ್ತು” ಎಂದಳು. ಕಿವಿನೋವು, ಸೋರುವಿಕೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಹಾಕಬಾರದು.

ಅವಲಕ್ಕಿ ತಿನ್ನುತ್ತಾ ಮಾತುಕತೆ

ಮುಂದಿನ ಭಾನುವಾರ ನಾಲ್ವರನ್ನೂ ತಾರಸಿಯ ಮೇಲೆ ಕೂರಿಸಿದೆ. ಅಕ್ಕಾರು ಅವಲಕ್ಕಿ ಮಾಡಿ ಕಳಿಸಿದ್ದರು. ಮೊದಲು ನಾನೇ ಮಾತಾಡಿದೆ. ಅಪ್ಪನಿಗೆ ಫೋನ್ ಮಾಡಿದ್ದು ನನ್ನ ತಪ್ಪು ಎಂದು ಉಳಿದ ಮೂವರ ಎದುರಿಗೇ ನಡು ಮಂಚದವಳಿಗೆ ಹೇಳಿದೆ. ಹಿಂದಿನ ದಿನವೇ ಅವಳ ಅಪ್ಪನಿಗೆ ಮತ್ತೆ ಫೋನ್ ಮಾಡಿ “ನಿಮ್ಮ ಮಗಳದು ತಪ್ಪಿರಲಿಲ್ಲ, ನಮ್ಮ ಬಿಲ್ಡಿಂಗಿನ ತೊಂದರೆ ಇತ್ತು, ಅಕಿ ಚೆನ್ನಾಗಿ ಓದಾಕತ್ಯಾಳ” ಎಂದು ತಿಳಿಸಿದ್ದೆ. ಅವಳು ತಲೆ ತಗ್ಗಿಸಿ ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತಳು.

ಆಮೇಲೆ ಒಂದು ಷರತ್ತು ಹಾಕಿದೆ. ‘ಯಾವಾಗಲೂ’, ‘ನೀನು ಹಿಂಗೇ’ ಎಂಬ ಮಾತು ಬೇಡ. ಎಷ್ಟು ಗಂಟೆಗೆ, ಯಾವ ಸದ್ದು, ಅದರಿಂದ ನನಗೇನಾಯಿತು, ಇಷ್ಟೇ ಹೇಳಬೇಕು.

ಕಿಟಕಿ ಮಂಚದವಳು ಬಹಳ ಹೊತ್ತು ಸುಮ್ಮನಿದ್ದು, “ರಾತ್ರಿ ಹನ್ನೊಂದಕ್ಕೆ ನೀನು ಆಯಿ ಹತ್ರ ಜಗಳ ಆಡ್ತೀಯಲ್ಲ, ಅದು ಕೇಳಿದ್ರೆ ನಂಗೆ ಎದೆ ಹೊಡ್ಕೊಳ್ಳತ್ತೆ. ನಂಗೆ ನನ್ನ ಆಯಿ ನೆನಪಾಗ್ತಾಳೆ” ಎಂದಳು.

ನಡು ಮಂಚದವಳು ಕಣ್ಣರಳಿಸಿದಳು. “ಜಗಳಾ? ನಾ ಎಲ್ಲಿ ಜಗಳಾ ಮಾಡೀನಿ? ನಮ್ಮ ಆಯಿಗೆ ಕಿವಿ ಕೇಳಂಗಿಲ್ಲ. ಎಂಬತ್ತ ವರ್ಷ ಆಗ್ಯಾವ. ಒದರಲಿಲ್ಲಂದ್ರ ಅಕಿಗೆ ತಿಳಿಯಂಗಿಲ್ಲ. ಗುಳಿಗಿ ತಗೊಂಡಿಯೇನು ಅಂತ ಕೇಳ್ತಿರ್ತೀನಿ.”

“ಎಂಬತ್ತಾ? ಆಯಿಗೆ?”

ಆಗ ನನಗೆ ಹೊಳೆಯಿತು. ಶಿರಸಿ ಕಡೆಯ ಎಷ್ಟೋ ಮನೆಗಳಲ್ಲಿ ಆಯಿ ಎಂದರೆ ತಾಯಿ. ವಿಜಯಪುರದ ಕಡೆ ಆಯಿ ಎಂದರೆ ಅಜ್ಜಿ. ಎರಡು ತಿಂಗಳು ಒಂದೇ ಕೋಣೆಯಲ್ಲಿ ಮಲಗಿದ ಹುಡುಗಿಯರ ನಡುವೆ ಈ ಒಂದು ಶಬ್ದ ಬಿದ್ದುಕೊಂಡಿತ್ತು. ಒಬ್ಬಳು ಕಿವುಡಿ ಅಜ್ಜಿಗೆ ಔಷಧ ನೆನಪಿಸುತ್ತಿದ್ದಳು, ಇನ್ನೊಬ್ಬಳು ಅದನ್ನು ತಾಯಿಗೆ ಬೈಯುತ್ತಿದ್ದಾಳೆ ಎಂದು ಕೇಳಿಸಿಕೊಂಡು ಕತ್ತಲಲ್ಲಿ ನಡುಗುತ್ತಿದ್ದಳು. ವಿಜಯಪುರದ ಸೀದಾ ಗಟ್ಟಿ ಮಾತು ಮೆತ್ತಗೆ ಮಾತಾಡುವ ಮನೆಯಿಂದ ಬಂದವರ ಕಿವಿಗೆ ಜಗಳವಾಗಿಯೇ ಕೇಳುತ್ತದೆ. ಅದರಲ್ಲೂ ಫೋನಿನ ಮಾತಿನಲ್ಲಿ ಒಂದು ಬದಿಯಷ್ಟೇ ನಮಗೆ ಕೇಳುವುದು. ಇನ್ನೊಂದು ಬದಿಯನ್ನು ಮನಸ್ಸು ತಾನೇ ತುಂಬಿಕೊಳ್ಳಲು ಹೋಗುತ್ತದೆ. ಫ್ಯಾನಿನ ಸದ್ದನ್ನು ಮರೆಯಬಹುದು, ಅರ್ಧ ಕೇಳಿದ ಮಾತನ್ನು ಮರೆಯಲಾಗುವುದಿಲ್ಲ.

ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಐದು ಸಾಲು ಬರೆದರು. ಕೋಣೆಯೊಳಗೆ ಫೋನಿನ ಮಾತು 10:30ರವರೆಗೆ ಮಾತ್ರ. ಆಮೇಲೆ ಮೆಟ್ಟಿಲ ತಿರುವಿನಲ್ಲಿ, ಅಲ್ಲಿ ಒಂದು ಕುರ್ಚಿ, ಒಂದು ಬಲ್ಬು. ರೀಲ್ಸಿಗೆ ಇಯರ್‌ಫೋನ್. 10:45ಕ್ಕೆ ಟ್ಯೂಬ್‌ಲೈಟ್ ಆರಿಸುವುದು. ಅಲಾರಾಂ ಒಂದೇ ಸಲ. ಶನಿವಾರ ರಾತ್ರಿ ಹನ್ನೊಂದೂವರೆವರೆಗೆ ನಗು, ಗೆಳತಿಯರು, ಏನಿದ್ದರೂ ಸರಿ. ಕೊನೆಯದನ್ನು ಸೇರಿಸಿದ್ದು ಕಿಟಕಿ ಮಂಚದವಳೇ.

ಮುಂದೆ ಆದದ್ದು

ಸದ್ದು, ಬೆಳಕು ಕಡಿಮೆಯಾದ ಕೂಡಲೇ ನಿದ್ದೆ ಬರಲಿಲ್ಲ. ಇದನ್ನು ಒತ್ತಿ ಹೇಳಬೇಕು. ಎರಡು ವಾರ ಕಿಟಕಿ ಮಂಚದವಳು ಹಾಗೆಯೇ ಎಚ್ಚರವಿದ್ದಳು. ಮಂಚ ಎಂದರೆ ಕಾಯುವ ಜಾಗ ಎಂದು ಅವಳ ಮೈಗೆ ರೂಢಿಯಾಗಿಬಿಟ್ಟಿತ್ತು. ಅವಳನ್ನು ಆಪ್ತಸಮಾಲೋಚಕರೊಬ್ಬರ ಬಳಿ ಕರೆದುಕೊಂಡು ಹೋದೆ. ಅವರು ಹೇಳಿಕೊಟ್ಟದ್ದು ಸರಳ. ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಹೋಗಿ ಮಂದ ಬೆಳಕಿನಲ್ಲಿ ಕೂತು ಏನಾದರೂ ನೀರಸವಾದದ್ದನ್ನು ಓದು, ತೂಕಡಿಕೆ ಬಂದಾಗಲೇ ಮಂಚಕ್ಕೆ ಬಾ. ಗಡಿಯಾರ ನೋಡಬೇಡ. ರಾತ್ರಿ ಎಷ್ಟೇ ಕೆಟ್ಟಿರಲಿ, ಬೆಳಿಗ್ಗೆ ಅದೇ ಹೊತ್ತಿಗೆ ಏಳು. ಮಧ್ಯಾಹ್ನ ಮಲಗಬೇಡ, ಸಂಜೆಯ ನಂತರ ಚಹಾ ಬೇಡ. ಮೂರನೇ ವಾರದಿಂದ ಅವಳ ಡೈರಿಯಲ್ಲಿ ನಾಲ್ಕು ಗಂಟೆ ಇದ್ದದ್ದು ಐದೂವರೆಯಾಯಿತು, ದಸರಾ ರಜೆ ಮುಗಿಸಿ ಬಂದ ಮೇಲೆ ಆರೂವರೆ, ಏಳು.

ಈ ಮೂರು ವಾರದ ತಡ ಗೊತ್ತಿಲ್ಲದಿದ್ದರೆ ‘ಇಷ್ಟೆಲ್ಲ ಮಾಡಿದರೂ ಪ್ರಯೋಜನವಾಗಲಿಲ್ಲ, ಈ ಹುಡುಗಿಯದೇ ಅತಿ’ ಎಂದು ಇನ್ನೊಂದು ತಪ್ಪು ತೀರ್ಮಾನಕ್ಕೆ ಬರುತ್ತಿದ್ದೆ. ನೋಟಿಸ್ ಬೋರ್ಡಿನಲ್ಲಿ ಈಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ ಹಾಕಿದ್ದೇನೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು 2000ರಲ್ಲೇ ಬಂದಿವೆ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಿತಿ 45 ಡೆಸಿಬೆಲ್. ಮಲಗುವ ಕೋಣೆಯೊಳಗೆ 30 ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ನಮ್ಮಂಥ ಕಟ್ಟಡಗಳಲ್ಲಿ 30 ಕನಸೇ ಸರಿ, ಫ್ಯಾನೇ ಅದನ್ನು ದಾಟುತ್ತದೆ. ಆದರೆ ಒಂದೇ ಸಮ ಕೇಳುವ ಫ್ಯಾನಿನ ಸದ್ದು ಅಷ್ಟು ಕೆಡುಕಲ್ಲ, ಚಿಕ್ಕಪುಟ್ಟ ಸದ್ದನ್ನು ಅದೇ ಮುಚ್ಚುತ್ತದೆ ಕೂಡ. ನಿದ್ದೆಯಿಂದ ಬಡಿದೆಬ್ಬಿಸುವುದು ಮೌನದ ನಡುವೆ ಒಮ್ಮೆಲೇ ಏಳುವ ಸದ್ದು. ಹಾಗಾಗಿ ಮೊದಲು ಚಿಲಕಕ್ಕೆ ಕೈಹಾಕಿದ್ದು ಸರಿಯಾಯಿತು.

ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ನಡು ಮಂಚದವಳು ಇಯರ್‌ಫೋನ್ ಮರೆತದ್ದು ಮೂರ್ನಾಲ್ಕು ಸಲ. ಡಿಸೆಂಬರಿನಲ್ಲಿ ಮೂಲೆ ಮಂಚದವಳಿಗೆ ಪರೀಕ್ಷೆ ಬಂದಾಗ ಟ್ಯೂಬ್‌ಲೈಟ್ ಮತ್ತೆ ಒಂದರವರೆಗೆ ಉರಿಯಿತು, ಮಾತು ಬೆಳೆಯಿತು, ಅವಳು ಎರಡು ವಾರ ಹಾಸಿಗೆಯನ್ನೇ ಊಟದ ಹಾಲಿಗೆ ಒಯ್ದಳು. ಕಿಟಕಿ ಮಂಚದವಳು, ನಡು ಮಂಚದವಳು ಗೆಳತಿಯರೇನೂ ಆಗಲಿಲ್ಲ. ಆಗಬೇಕೆಂದು ನಾನು ಬಯಸಲೂ ಇಲ್ಲ. ಒಂದೇ ಛಾವಣಿಯ ಕೆಳಗೆ ಸಮಾಧಾನವಾಗಿ ಮಲಗಿ ಏಳಲು ಗೆಳೆತನ ಬೇಕಿಲ್ಲ.

ಜನವರಿಯಲ್ಲಿ ನಡು ಮಂಚದವಳು ತಾನಾಗಿ ಬಂದು ಕೋಣೆ ಬದಲಿಸಿಕೊಡಿ ಎಂದಳು. “ಸಿಟ್ಟಲ್ರಿ ಮೇಡಮ್ಮರ. ಇಲ್ಲಿ ಉಸಿರ ಹಿಡದ ಕುಂತಂಗ ಆಗ್ತೈತಿ.” ಮೊದಲ ಮಹಡಿಯಲ್ಲಿ ಅವಳ ಸೀಮೆಯ ಮೂವರಿದ್ದ ಕೋಣೆಗೆ ಕಳಿಸಿದೆ. ಅಲ್ಲಿ ರಾತ್ರಿ ಹನ್ನೊಂದಕ್ಕೂ ಮಾತು, ನಗು ಇರುತ್ತಿತ್ತು. ನಾಲ್ವರಲ್ಲಿ ಒಬ್ಬರೂ ದೂರು ಕೊಡಲಿಲ್ಲ. ಇದನ್ನು ನಾನು ಸೋಲು ಎಂದು ತಿಳಿದಿಲ್ಲ. ಸೆಪ್ಟೆಂಬರಿನಲ್ಲೇ ಅವಳನ್ನು ಎತ್ತಿ ಹಾಕಿದ್ದರೆ ಅವಳು ಶಿಕ್ಷೆ ಉಂಡವಳಾಗಿ ಹೋಗುತ್ತಿದ್ದಳು. ಕಿಟಕಿ ಮಂಚದವಳು ಆ ವೆಂಟಿಲೇಟರಿನ ಕೆಳಗೆ ನಿದ್ದೆಯಿಲ್ಲದೆ ಉಳಿದು, ಮುಂದೆ ಬರುವವಳನ್ನು ದೂರುತ್ತಿದ್ದಳು.

ಮರುವರ್ಷದಿಂದ ಪ್ರವೇಶದ ಅರ್ಜಿಗೆ ನಾಲ್ಕು ಪ್ರಶ್ನೆ ಸೇರಿಸಿದ್ದೇವೆ. ಎಷ್ಟು ಗಂಟೆಗೆ ಮಲಗುತ್ತೀರಿ? ಎಷ್ಟಕ್ಕೆ ಏಳುತ್ತೀರಿ? ಮನೆಯಲ್ಲಿ ಮಲಗುವಾಗ ದೀಪ ಇರುತ್ತದೆಯೇ? ರಾತ್ರಿ ಮನೆಗೆ ಫೋನ್ ಮಾಡುವ ಹೊತ್ತು ಯಾವುದು? ಉತ್ತರ ನೋಡಿ ಹೊತ್ತು ಹೊಂದುವವರನ್ನು ಒಂದೇ ಕೋಣೆಗೆ ಹಾಕುತ್ತೇವೆ. ಎಲ್ಲರಿಗೂ ಹೊಂದುವುದಿಲ್ಲ, ಆದರೂ ಆಗಸ್ಟಿನ ದೂರುಗಳು ಕಡಿಮೆಯಾಗಿವೆ. ಈ ಜೂನಿನಲ್ಲಿ ಬಂದ ಒಂದು ಅರ್ಜಿಯಲ್ಲಿ ಮೂರನೇ ಪ್ರಶ್ನೆಯ ಮುಂದೆ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿತ್ತು: ‘ಹೌದು. ಕತ್ತಲಂದ್ರ ಅಂಜಿಕಿ ಬರ್ತೈತ್ರಿ.’ ಅವಳಿಗೆ ಝೀರೋ ಬಲ್ಬಿನ ಪಕ್ಕದ ಕೋಣೆಯಲ್ಲಿ ಬಾಗಿಲ ಮಂಚ ಕೊಟ್ಟಿದ್ದೇವೆ.